ಒಂದೇ ಹಾಡು, ಎರಡು ರೆಕಾರ್ಡು: ಲೂಯಿ ಆರ್ಮ್‌ಸ್ಟ್ರಾಂಗ್ ಬದುಕು



ಇವತ್ತು ರಾತ್ರಿ ಊಟ ಮುಗಿದ ಮೇಲೆ ಮೊಬೈಲಿನಲ್ಲಿ ‘ವೆಸ್ಟ್ ಎಂಡ್ ಬ್ಲೂಸ್’ ಅಂತ ಹುಡುಕಿ. 1928ರ ಜೂನ್ ತಿಂಗಳ ಎರಡು ರೆಕಾರ್ಡು ಸಿಗುತ್ತವೆ. ಒಂದು, ಹಾಡು ಕಟ್ಟಿದ ಕಿಂಗ್ ಆಲಿವರ್ ಅವರ ಬ್ಯಾಂಡಿನದು. ಇನ್ನೊಂದು, ಅವರ ಶಿಷ್ಯ ಲೂಯಿ ಆರ್ಮ್‌ಸ್ಟ್ರಾಂಗ್ ಅವರದು. ಮೊದಲು ಗುರುವಿನದು ಕೇಳಿ, ಆಮೇಲೆ ಶಿಷ್ಯನದು. ಶಿಷ್ಯನ ರೆಕಾರ್ಡು ಶುರುವಾಗೋದೇ ಒಂಟಿ ಟ್ರಂಪೆಟ್‌ನಿಂದ. ಹತ್ತು ಹನ್ನೆರಡು ಸೆಕೆಂಡು ಜೊತೆಗೆ ಯಾರೂ ಇಲ್ಲ. ಕೊನೆಯಲ್ಲಿ ಒಂದೇ ಮೇಲಿನ ಸ್ವರವನ್ನು ಹಿಡಿದು ಬಿಡದೆ ನಿಲ್ತಾರೆ. ಆ ಉಸಿರು ಎಲ್ಲಿಂದ ಬಂತು ಅಂತ ಹೇಳ್ತೀನಿ.

ಲೂಯಿ ಹುಟ್ಟಿದ್ದು 1901ರ ಆಗಸ್ಟ್ 4ರಂದು, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಕಪ್ಪು ಜನರ ಬಡಕೇರಿಯಲ್ಲಿ. ಅವರನ್ನು ಸಾಕಿದ ಅಜ್ಜಿ ಗುಲಾಮಗಿರಿಯಲ್ಲೇ ಹುಟ್ಟಿದವರು. ಅಪ್ಪ ಮನೆ ಬಿಟ್ಟು ಹೋದ. ಹುಡುಗ ಕಾರ್ನೋಫ್ಸ್ಕಿ ಎಂಬ ಯಹೂದಿ ಮನೆತನದ ಗಾಡಿಯಲ್ಲಿ ಗುಜರಿ ಆಯ್ದು, ಕಲ್ಲಿದ್ದಲು ಮಾರಿ ದುಡಿದ. 1912ರ ಕೊನೆಯ ರಾತ್ರಿ, ಹೊಸ ವರ್ಷದ ಹುರುಪಿನಲ್ಲಿ ಪಿಸ್ತೂಲು ಹಾರಿಸಿದ್ದಕ್ಕೆ ಪೊಲೀಸರು ಹಿಡಿದು ಕಪ್ಪು ಹುಡುಗರ ಬಾಲಗೃಹಕ್ಕೆ ಹಾಕಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟ್ರು ಕೈಗೆ ಕಾರ್ನೆಟ್ ಕೊಟ್ಟು ಕಲಿಸಿದರು.

1922ರಲ್ಲಿ ಆಲಿವರ್ ಅವರನ್ನು ಷಿಕಾಗೋಕ್ಕೆ ಕರೆಸಿಕೊಂಡರು. ಮರುವರ್ಷ ಬ್ಯಾಂಡು ರೆಕಾರ್ಡಿಂಗಿಗೆ ಹೋಯಿತು. ಅಲ್ಲಿ ಮೈಕ್ ಇರಲಿಲ್ಲ, ದೊಡ್ಡ ಕೊಳವೆಯ ಬಾಯಿಗೆ ನುಡಿಸಬೇಕು. ಲೂಯಿ ದನಿ ಎಲ್ಲರನ್ನೂ ಮುಳುಗಿಸುತ್ತೆ ಅಂತ ಅವರನ್ನು ದೂರ ನಿಲ್ಲಿಸಿದರು ಎಂದು ಪಿಯಾನೋ ನುಡಿಸಿದ ಲಿಲ್ ಹಾರ್ಡಿನ್ ನೆನೆದಿದ್ದಾರೆ. ಆ ವರ್ಷದ ‘ಚೈಮ್ಸ್ ಬ್ಲೂಸ್’ ಕೇಳಿ, 1928ರದಕ್ಕೆ ಹೋಲಿಸಿ. ಐದೇ ವರ್ಷ. ಯಂತ್ರವೂ ಬದಲಾಗಿದೆ, ಮೂಲೆಯಲ್ಲಿದ್ದ ಹುಡುಗ ಮುಂದೆ ಬಂದಿದ್ದಾನೆ.

ಜಾಜ್ ಬೇರೆ, ಶಾಸ್ತ್ರೀಯ ಸಂಗೀತ ಬೇರೆ ಅಂತ ಲೂಯಿ ಗೋಡೆ ಕಟ್ಟಲಿಲ್ಲ. ಷಿಕಾಗೋದ ಥಿಯೇಟರಿನಲ್ಲಿ ಒಪೆರಾ ಸಂಗೀತ ನುಡಿಸಿದರು. 1956ರಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ನಡೆಸಿದ ಸಿಂಫನಿ ವಾದ್ಯವೃಂದದ ಜೊತೆ ‘ಸೇಂಟ್ ಲೂಯಿಸ್ ಬ್ಲೂಸ್’ ನುಡಿಸಿದರು. ಅದರ ರೆಕಾರ್ಡೂ ಇದೆ. ನ್ಯೂಯಾರ್ಕಿನ ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ತಮ್ಮ ಹಾಡು, ಬೇರೆಯವರ ಹಾಡು, ಒಪೆರಾ, ಗೆಳೆಯರ ಹರಟೆ ಎಲ್ಲ ತುಂಬಿಸಿದರು. ನೂರಾರು ಟೇಪು! ಡಬ್ಬಿಗಳ ಮೇಲೆ ಚಿತ್ರ ಅಂಟಿಸಿ ಅಲಂಕಾರ ಮಾಡಿದ್ದೂ ಅವರೇ.

ವೇದಿಕೆಯಲ್ಲಿ ಸದಾ ನಗುತ್ತಿದ್ದರಿಂದ, ಬಿಳಿಯರ ಮುಂದೆ ಹಲ್ಲು ಕಿರಿಯೋನು ಅಂತ ಅವರ ಜನರಲ್ಲೇ ಕೆಲವರು ಹಂಗಿಸಿದರು. ಆದರೆ 1957ರಲ್ಲಿ ಲಿಟಲ್ ರಾಕ್ ಪಟ್ಟಣದ ಶಾಲೆಗೆ ಒಂಬತ್ತು ಕಪ್ಪು ಮಕ್ಕಳನ್ನು ಸೇರಿಸದೆ ಗವರ್ನರ್ ಸೈನಿಕರನ್ನು ನಿಲ್ಲಿಸಿದಾಗ ಲೂಯಿ ಸುಮ್ಮನಿರಲಿಲ್ಲ. ಅಧ್ಯಕ್ಷರನ್ನೇ ಬಹಿರಂಗವಾಗಿ ಟೀಕಿಸಿದರು. ಸರ್ಕಾರ ಏರ್ಪಡಿಸುತ್ತಿದ್ದ ಸೋವಿಯತ್ ಪ್ರವಾಸಕ್ಕೆ ಹೋಗಲ್ಲ ಅಂದರು. ಕರಿಯರು ಬಿಳಿಯರು ಒಂದೇ ವೇದಿಕೆಯಲ್ಲಿ ನುಡಿಸಬಾರದು ಎಂಬ ಕಾನೂನು ಅವರ ರಾಜ್ಯದಲ್ಲಿ ಬಂದಿತ್ತು. ಲೂಯಿ ಬ್ಯಾಂಡಿನಲ್ಲಿ ಇಬ್ಬರೂ ಇದ್ದರು. ಅದಕ್ಕೇ ಹುಟ್ಟೂರಲ್ಲಿ ನುಡಿಸುವುದನ್ನೇ ಬಿಟ್ಟರು. ಕಾನೂನು ಬಿದ್ದ ಮೇಲೆ, 1965ರಲ್ಲಿ, ಮತ್ತೆ ಅಲ್ಲಿ ನುಡಿಸಿದರು.

1971ರ ಜುಲೈ 6ರಂದು ತಮ್ಮ ಮನೆಯಲ್ಲೇ ನಿಧನರಾದರು. ಆ ಮನೆ ಈಗ ಮ್ಯೂಸಿಯಂ.

ಈಗ ನಿಮಗೊಂದು ಮಾತು. ನಮ್ಮ ಹಿರಿಯರ ತಮಟೆಯನ್ನು ಸಾವಿಗೆ ಕರೆದರು, ಪಂಕ್ತಿಯಿಂದ ದೂರ ಇಟ್ಟರು. ಆ ಬಡಿತಗಳು ಎಷ್ಟು ರೆಕಾರ್ಡಾಗಿವೆ? ನಿಮ್ಮ ಕೈಯಲ್ಲಿ ಮೊಬೈಲಿದೆ. ಕೇರಿಯ ತಾತಂದಿರ ಬಡಿತವನ್ನು ಹೆಸರು, ತಾರೀಕು ಹಾಕಿ ಈ ವರ್ಷವೇ ತುಂಬಿಸಿಡಿ. ಮುಂದಿನ ವಾರ್ಷಿಕೋತ್ಸವಕ್ಕೆ ಮೊಮ್ಮಗ ಬಾರಿಸಿದ್ದನ್ನೂ ಅದರ ಪಕ್ಕದಲ್ಲಿಟ್ಟು ಕೇಳೋಣ.

ಜೈ ಭೀಮ್.