ಪ್ರಶಾಂತಚಂದ್ರ ಮಹಲನೋಬಿಸ್

ನಾಡನ್ನು ಆಳುವವರಿಗೆ ಅಲ್ಲಿ ಎಷ್ಟು ಬೆಳೆ ಬರುತ್ತದೆ, ಎಷ್ಟು ಜನರಿಗೆ ಉದ್ಯೋಗವಿಲ್ಲ, ಬಡವನ ಒಲೆಯ ಮೇಲೆ ಎಷ್ಟು ಧಾನ್ಯ ಬೇಯುತ್ತದೆ ಎಂಬುದು ತಿಳಿದಿರಬೇಕು. ಇದನ್ನರಿಯದೆ ಹೂಡಿದ ಯೋಜನೆ ಕತ್ತಲೆಯಲ್ಲಿ ಬಿಟ್ಟ ಬಾಣದಂತೆ. ಸ್ವತಂತ್ರ ಭಾರತಕ್ಕೆ ಈ ತಿಳಿವನ್ನು ಒದಗಿಸಲು ಶ್ರಮಿಸಿದವರಲ್ಲಿ, ಅದಕ್ಕಾಗಿ ಗಣಕಯಂತ್ರವನ್ನು ಈ ನೆಲಕ್ಕೆ ತಂದವರಲ್ಲಿ ಪ್ರಶಾಂತಚಂದ್ರ ಮಹಲನೋಬಿಸರು ಅಗ್ರಗಣ್ಯರು.

ಮಹಲನೋಬಿಸರು 1893ನೆಯ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಅಭ್ಯಸಿಸಿ, ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ತೆರಳಿದರು. 1915ರಲ್ಲಿ ತಾಯ್ನಾಡಿಗೆ ಹೊರಟಾಗ ಮಹಾಯುದ್ಧದ ಕಾರಣ ಪ್ರಯಾಣ ತಡವಾಯಿತು. ಬಿಡುವಿನ ಆ ದಿನಗಳಲ್ಲಿ ಗುರುಗಳೊಬ್ಬರು ಸಂಖ್ಯಾಶಾಸ್ತ್ರದ ಪತ್ರಿಕೆಯೊಂದನ್ನು ಅವರಿಗೆ ತೋರಿಸಿದರು. ತರುಣ ಮಹಲನೋಬಿಸರು ಅದರ ಸಂಪುಟಗಳನ್ನೆಲ್ಲ ಕೊಂಡು ಹಡಗಿನಲ್ಲಿಯೇ ಓದತೊಡಗಿದರು. ಊರು ಸೇರಿ ಭೌತಶಾಸ್ತ್ರದ ಅಧ್ಯಾಪಕರಾದರೂ ಅವರ ಮನಸ್ಸು ಸಂಖ್ಯಾಶಾಸ್ತ್ರಕ್ಕೆ ಒಲಿದಿತ್ತು.

1926ರಲ್ಲಿ ಒರಿಸ್ಸಾದ ಬ್ರಾಹ್ಮಣೀ ನದಿ ಉಕ್ಕಿ ಹರಿಯಿತು. ನದಿಯ ಪಾತ್ರ ಎತ್ತರವಾಗಿದೆ, ಆದುದರಿಂದ ದಡದ ಏರಿಗಳನ್ನು ಎತ್ತರಿಸಬೇಕು ಎಂದು ಇಂಜಿನಿಯರುಗಳು ಸಲಹೆಯಿತ್ತರು. ಈ ಪ್ರಶ್ನೆ ಮಹಲನೋಬಿಸರ ಬಳಿಗೆ ಬಂದಿತು. ಅವರು ಸುಮಾರು 60 ವರ್ಷಗಳ ಮಳೆ ಮತ್ತು ನೆರೆಯ ಲೆಕ್ಕಗಳನ್ನು ಜೋಡಿಸಿ ನೋಡಿದರು. ಪಾತ್ರ ಏರಿರಲಿಲ್ಲ, ಮೇಲಣ ಪ್ರದೇಶದಲ್ಲಿ ಸುರಿದ ಅತಿವೃಷ್ಟಿಯೇ ನೆರೆಗೆ ಕಾರಣವಾಗಿತ್ತು. ಕಡತಗಳಲ್ಲಿ ಮಲಗಿದ್ದ ಅಂಕಿಗಳು ಹೀಗೆ ಸತ್ಯವನ್ನು ನುಡಿದವು.

ಒಬ್ಬರಿಂದ ಆಗುವ ಕಾರ್ಯ ಇದಲ್ಲವೆಂದರಿತು, 1931ರ ಡಿಸೆಂಬರಿನಲ್ಲಿ ಗೆಳೆಯರೊಡನೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಸರ್ಕಾರದ ಇಲಾಖೆಯಾಗಿರಲಿಲ್ಲ, ವಿದ್ವಾಂಸರ ಸಂಘವಾಗಿತ್ತು. ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡುವ ಹೊಣೆಯನ್ನು ಈ ಸಂಸ್ಥೆ ಹೊತ್ತಿತು. ಅನ್ನ ಬೆಂದಿದೆಯೇ ಎಂದು ನಮ್ಮ ತಾಯಂದಿರು ಒಂದೆರಡು ಅಗುಳನ್ನು ಹಿಸುಕಿ ನೋಡುವುದಿಲ್ಲವೆ? ಹಾಗೆಯೇ ಪಕ್ಷಪಾತವಿಲ್ಲದೆ ಆರಿಸಿದ ಕೆಲವೇ ಹೊಲಗಳಿಂದ ಇಡೀ ಪ್ರಾಂತದ ಬೆಳೆಯನ್ನು ತಿಳಿಯುವ ವಿಧಾನವನ್ನು ಅವರು ರೂಢಿಗೆ ತಂದರು.

1949ರಲ್ಲಿ ಮಹಲನೋಬಿಸರು ಕೇಂದ್ರ ಸಂಪುಟದ ಗೌರವ ಸಂಖ್ಯಾಶಾಸ್ತ್ರ ಸಲಹೆಗಾರರಾದರು. ಮರುವರ್ಷ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಸರ್ಕಾರದ ನೌಕರರು ಹಳ್ಳಿಹಳ್ಳಿಗೆ ಹೋಗಿ ವಿವರಗಳನ್ನು ಬರೆದು ತಂದರು. ಸಂಸ್ಥೆಯ ವಿದ್ವಾಂಸರು ಸಮೀಕ್ಷೆಯ ರೂಪುರೇಷೆಯನ್ನು ಹಾಕಿಕೊಟ್ಟು, ಲೆಕ್ಕ ಮಾಡಿದರು. ಕಾಗದಗಳು ಬೆಟ್ಟದಂತೆ ಬೆಳೆದವು. ಎರಡನೆಯ ಪಂಚವಾರ್ಷಿಕ ಯೋಜನೆಯ ಲೆಕ್ಕಗಳೂ ಅದಕ್ಕೆ ಕೂಡಿದವು. ಇದು ಮನುಷ್ಯರ ಕೈಗೆ ನಿಲುಕುವ ಭಾರವಾಗಿರಲಿಲ್ಲ.

ಸಂಸ್ಥೆಯ ಇಬ್ಬರು ತರುಣರು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದರು. 1956ರ ಹೊತ್ತಿಗೆ ದೇಶದ ಮೊದಲ ಡಿಜಿಟಲ್ ಗಣಕಯಂತ್ರ ಕಲ್ಕತ್ತೆಯಲ್ಲಿ ಕೆಲಸಕ್ಕೆ ತೊಡಗಿತು. ತಿರುಗುವ ಉರುಳೆಯ ಮೇಲೆ 1024 ಸಂಖ್ಯೆಗಳನ್ನಷ್ಟೇ ಅದು ನೆನಪಿನಲ್ಲಿಡಬಲ್ಲುದಾಗಿತ್ತು. ಆದರೂ ಹೊರಗಿನ ವಿಜ್ಞಾನಿಗಳು ತಮ್ಮ ಸಮಸ್ಯೆಗಳನ್ನು ಹೊತ್ತು ಅದರ ಬಳಿಗೆ ಬಂದರು. ಮುಂದೆ ರಷ್ಯಾದಿಂದ ಇನ್ನೊಂದು ಯಂತ್ರ ಬಂದಿತು. 1966ರಲ್ಲಿ ಸಂಸ್ಥೆ ಮತ್ತು ಜಾಧವಪುರ ವಿಶ್ವವಿದ್ಯಾನಿಲಯಗಳು ಸೇರಿ ಗಣಕವೊಂದನ್ನು ತಾವೇ ನಿರ್ಮಿಸಿದವು. ಕೊಂಡು ತಂದ ಯಂತ್ರ ಬಹುಬೇಗ ಹಳತಾಗುತ್ತದೆ. ಅದನ್ನು ಕಟ್ಟಬಲ್ಲ ಕೈ ಹಳತಾಗುವುದಿಲ್ಲ.

1959ರಲ್ಲಿ ಸಂಸತ್ತು ಈ ಸಂಸ್ಥೆಯನ್ನು ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯೆಂದು ಘೋಷಿಸಿತು. ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಲೋಕವಿಖ್ಯಾತ ಸಂಖ್ಯಾಶಾಸ್ತ್ರಜ್ಞರಾಗಿ ಬೆಳೆದದ್ದು ಇಲ್ಲಿಯೇ.

ಆದರೆ ಸರ್ಕಾರ ಮತ್ತು ವಿದ್ವಾಂಸರ ಸ್ನೇಹ ಸದಾ ಸುಗಮವಾಗಿರಲಿಲ್ಲ. 1970ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಎಲ್ಲ ಕಾರ್ಯವೂ ಸಂಸ್ಥೆಯಿಂದ ಸರ್ಕಾರದ ವಶಕ್ಕೆ ಹೋಯಿತು. ತಾವು ಸಾಕಿದ ಕೂಸು ಕೈಬಿಟ್ಟುದು ವೃದ್ಧರಾದ ಮಹಲನೋಬಿಸರಿಗೆ ನೋವು ತಂದಿತು. 1972ನೆಯ ಜೂನ್ 28ರಂದು, 79 ವರ್ಷಗಳು ತುಂಬಲು ಒಂದು ದಿನವಿರುವಾಗ, ಅವರು ತೀರಿಕೊಂಡರು.

ಅವರ ಜನ್ಮದಿನವನ್ನು 2007ರಿಂದ ದೇಶವು ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತಿದೆ. ಸರ್ಕಾರದ ಬಳಿ ಹಣವಿರುತ್ತದೆ, ವಿದ್ವಾಂಸರ ಬಳಿ ಜ್ಞಾನವಿರುತ್ತದೆ. ಎರಡೂ ಪರಸ್ಪರ ಗೌರವದಿಂದ ಕೂಡಿದಾಗಲೇ ನಾಡಿಗೆ ಹಿತ. ಕೂಡಿಸುವವರು ಮಾತ್ರ ಸತ್ಯನಿಷ್ಠರಾಗಿರಬೇಕು. ಏಕೆಂದರೆ ಯಂತ್ರ ಎಷ್ಟೇ ವೇಗವಾಗಿ ಎಣಿಸಿದರೂ, ಅದಕ್ಕೆ ಕೊಟ್ಟ ಲೆಕ್ಕ ಸುಳ್ಳಾದರೆ ಉತ್ತರವೂ ಸುಳ್ಳೇ.