ನಿಂತಲ್ಲೇ ಸಾಯುವ ಬ್ಯಾಟರಿ ಮತ್ತು ಗ್ಯಾಸ್ಟನ್ ಪ್ಲಾಂಟೆ

ಶಿವಾಜಿನಗರದ ರಸೆಲ್ ಮಾರುಕಟ್ಟೆ ಅಂದ್ರೆ ಹಣ್ಣು, ಹೂವು, ಮೀನು, ಮಾಂಸ. ಅಲ್ಲಿಂದ ಸ್ವಲ್ಪ ಆಚೆ ಗಲ್ಲಿಗಳಿಗೆ ನುಗ್ಗಿದರೆ ಹಳೇ ಗಾಡಿಗಳ ಬಿಡಿಭಾಗಗಳ ಲೋಕವೇ ಇದೆ. ಗುಜರಿಗೆ ಬೀಳೋ ಬ್ಯಾಟರಿಗಳಲ್ಲಿ ಓಡಿ ಓಡಿ ಸವೆದವೂ ಇರ್ತವೆ, ಓಡದೆ ನಿಂತಲ್ಲೇ ಸತ್ತವೂ ಇರ್ತವೆ. 2020ರ ಲಾಕ್‌ಡೌನ್ ಮುಗಿದಾಗ ಎಷ್ಟು ಮನೆಗಳ ಗಾಡಿಗಳು ಸ್ಟಾರ್ಟ್ ಆಗದೆ ಕೈಕೊಟ್ಟವು ಅನ್ನೋದು ನಮಗೆಲ್ಲ ಗೊತ್ತು. ಸುಮ್ಮನೆ ನಿಲ್ಲಿಸಿದರೆ ಬ್ಯಾಟರಿ ಯಾಕೆ ಸಾಯಬೇಕು? ಇದಕ್ಕೆ ಉತ್ತರ ಅದನ್ನು ಕಂಡುಹಿಡಿದವನ ಕೆಲಸದಲ್ಲೇ ಇದೆ.

ಗ್ಯಾಸ್ಟನ್ ಪ್ಲಾಂಟೆ ಹುಟ್ಟಿದ್ದು 1834ರ ಏಪ್ರಿಲ್ 22ರಂದು, ಫ್ರಾನ್ಸಿನ ಓರ್ತೆಜ್ ಎಂಬ ಊರಿನಲ್ಲಿ. ತಮ್ಮ ಫ್ರಾನ್ಸಿಸ್ ಮುಂದೆ ಹೆಸರಾಂತ ಪಿಯಾನೋ ವಾದಕನಾದ. ಅಣ್ಣ 1854ರಲ್ಲಿ ಪ್ಯಾರಿಸ್ಸಿನ ಒಂದು ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಭೌತಶಾಸ್ತ್ರದ ಸಹಾಯಕನಾಗಿ ಸೇರಿಕೊಂಡ. ಮರುವರ್ಷ ಪ್ಯಾರಿಸ್ ಬಳಿ ಹಾರಲಾರದ ದೈತ್ಯ ಹಕ್ಕಿಯೊಂದರ ಪಳೆಯುಳಿಕೆ ಆತನ ಕಣ್ಣಿಗೆ ಬಿತ್ತು. ಆ ಹಕ್ಕಿಗೆ ಆತನ ಹೆಸರಿನಿಂದಲೇ ಗ್ಯಾಸ್ಟಾರ್ನಿಸ್ ಅಂತ ಹೆಸರಿಟ್ಟರು. ಆಗ ಆತನಿಗೆ ಸುಮಾರು 20 ವರ್ಷ, ನಮ್ಮ ಆರನೇ ಸೆಮಿಸ್ಟರ್‌ನ ವಯಸ್ಸು!

1859ರಲ್ಲಿ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ನಡುವೆ ಬಟ್ಟೆಯಿಟ್ಟು ಸುರುಳಿ ಸುತ್ತಿ, ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿಸಿ, ಕರೆಂಟ್ ಹರಿಸಿದ. ಖಾಲಿಯಾದ ಮೇಲೆ ಮತ್ತೆ ತುಂಬಿಸಬಹುದಾದ, ಬಳಕೆಗೆ ಯೋಗ್ಯವಾದ ಮೊದಲ ಬ್ಯಾಟರಿ ಅದು. ಮರುವರ್ಷ ಒಂಬತ್ತು ಕೋಶಗಳ ಬ್ಯಾಟರಿಯನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟ.

ಆದರೆ ಬರೀ ಸೀಸದ ಹಾಳೆ ಹೆಚ್ಚು ವಿದ್ಯುತ್ ಹಿಡಿಯುತ್ತಿರಲಿಲ್ಲ. ಪ್ಲಾಂಟೆ ಅದನ್ನು ಚಾರ್ಜ್ ಮಾಡಿ, ಖಾಲಿ ಮಾಡಿ, ದಿಕ್ಕು ಬದಲಿಸಿ ಮತ್ತೆ ಚಾರ್ಜ್ ಮಾಡುತ್ತಾ ಹೋದ. ಒಳ್ಳೆಯ ಡೈನಮೋ ಇನ್ನೂ ಬಂದಿರದ ಕಾಲ ಅದು, ಚಾರ್ಜ್ ಮಾಡೋಕೆ ಬೇರೆ ರಾಸಾಯನಿಕ ಕೋಶಗಳೇ ಗತಿ. ನಡುನಡುವೆ ಕೋಶಕ್ಕೆ ವಿಶ್ರಾಂತಿ ಕೊಟ್ಟರೆ ಅದರ ಸಾಮರ್ಥ್ಯ ಇನ್ನೂ ಚೆನ್ನಾಗಿ ಬೆಳೆಯುತ್ತದೆ ಎಂಬುದನ್ನು ಆತ ಗಮನಿಸಿದ. ಹಾಗಾಗಿ ವಿಶ್ರಾಂತಿಯನ್ನು ಗಂಟೆಗಳಿಂದ ದಿನಗಳಿಗೆ, ದಿನಗಳಿಂದ ವಾರಗಳಿಗೆ ಹಿಗ್ಗಿಸಿದ.

ಇದರ ರಹಸ್ಯವನ್ನು 1882ರಲ್ಲಿ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞರು ಬಿಡಿಸಿದರು. ಧನ ಫಲಕದ ಮೇಲಿನ ಸೀಸದ ಡೈಆಕ್ಸೈಡ್ ಪದರವೂ ಅದರ ಅಡಿಯ ಸೀಸವೂ ಆಮ್ಲದಲ್ಲಿ ತಮ್ಮತಮ್ಮಲ್ಲೇ ಪುಟ್ಟ ಕೋಶವಾಗಿ, ಹೊರಗಿನ ತಂತಿ ಇಲ್ಲದೆಯೇ ಖಾಲಿಯಾಗುತ್ತವೆ. ಆಗ ಸೀಸದ ಸಲ್ಫೇಟ್ ಹುಟ್ಟುತ್ತದೆ. ಮುಂದಿನ ಚಾರ್ಜ್‌ನಲ್ಲಿ ಆ ಸಲ್ಫೇಟ್ ಡೈಆಕ್ಸೈಡ್ ಆಗಿ, ಪದರ ದಪ್ಪವಾಗುತ್ತದೆ. ನಿಂತಲ್ಲೇ ಖಾಲಿಯಾಗೋ ಈ ಗುಣ ಪ್ಲಾಂಟೆಗೆ ಉಪಕಾರಿಯಾಗಿದ್ದು, ಪ್ರತಿ ವಿಶ್ರಾಂತಿಯ ನಂತರ ಆತ ತಪ್ಪದೆ ಚಾರ್ಜ್ ಮಾಡುತ್ತಿದ್ದ ಅನ್ನೋ ಕಾರಣಕ್ಕೆ.

ನಮ್ಮ ಗಾಡಿಯಲ್ಲಿ ಆ ಚಾರ್ಜ್ ಬರೋದೇ ಇಲ್ಲ. ಹೊಸದರಲ್ಲಿ ಸಲ್ಫೇಟ್ ಹರಳುಗಳು ಸಣ್ಣವು, ಸುಲಭವಾಗಿ ಕರಗುತ್ತವೆ. ವಾರಗಟ್ಟಲೆ ಬಿಟ್ಟರೆ ದೊಡ್ಡದಾಗಿ, ಗಟ್ಟಿಯಾಗಿ, ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಹಿಂದಿರುಗುವುದಿಲ್ಲ. ಸಲ್ಫೇಶನ್ ಅಂದ್ರೆ ಇದೇ. ಬಿಸಿಲು ಹೆಚ್ಚಿದಷ್ಟೂ ಇದು ಬೇಗ.

1881ರಲ್ಲಿ ಕಮಿಲ್ ಫೋರ್ ಸೀಸದ ಆಕ್ಸೈಡನ್ನು ಫಲಕಕ್ಕೆ ಮೆತ್ತುವ ವಿಧಾನ ತಂದು ಆ ದೀರ್ಘ ತಪಸ್ಸನ್ನು ತಪ್ಪಿಸಿದ. ಅದೇ ವರ್ಷ ಗುಸ್ತಾವ್ ತ್ರೂವೆ ಪ್ಯಾರಿಸ್ ಬೀದಿಯಲ್ಲಿ ಪ್ಲಾಂಟೆ ಮಾದರಿಯ ಬ್ಯಾಟರಿಯಿಂದ ಮೂರು ಗಾಲಿಯ ಗಾಡಿ ಓಡಿಸಿದ. 1889ರ ಮೇ 21ರಂದು ಪ್ಲಾಂಟೆ ತೀರಿಕೊಂಡಾಗ ವಯಸ್ಸು 55. 1912ರ ಕ್ಯಾಡಿಲಾಕ್ ಕಾರಿನಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದ ಮೇಲೆ ಆತನ ಬ್ಯಾಟರಿ ಕಾರಿಗೆ ಅನಿವಾರ್ಯವಾಯಿತು.

ಈಗ ನಮ್ಮ ಲೆಕ್ಕ ಹಾಕೋಣ. ಬೈಕಿನ ಬ್ಯಾಟರಿ 5 ಆಂಪಿಯರ್-ಅವರ್, ನಿಂತಾಗಲೂ ಗಡಿಯಾರ ಮುಂತಾದವು 2 ಮಿಲಿಆಂಪಿಯರ್ ಎಳೆಯುತ್ತವೆ ಅಂದುಕೊಳ್ಳಿ. 30 ದಿನ ಅಂದ್ರೆ 720 ಗಂಟೆ, ಹೋದದ್ದು 1.44 ಆಂಪಿಯರ್-ಅವರ್, ಕಾಲು ಭಾಗಕ್ಕೂ ಹೆಚ್ಚು. ತಾನಾಗಿ ಖಾಲಿಯಾಗೋದು ಇದರ ಮೇಲೆ. ಎರಡು ತಿಂಗಳ ರಜೆಗೆ ಊರಿಗೆ ಹೋಗಿ ಬಂದರೆ ಗಾಡಿ ಯಾಕೆ ಎದ್ದೇಳಲ್ಲ ಅಂತ ಈಗ ಗೊತ್ತಾಯ್ತಲ್ಲ?

ಹೋಗೋ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೊದಲು ನೆಗೆಟಿವ್ ತಂತಿ ಬಿಚ್ಚಿ, ನೆರಳಲ್ಲಿಡಿ. ತಂತಿ ಬಿಚ್ಚಿದರೆ ಗಡಿಯಾರದ ಸೋರಿಕೆ ನಿಲ್ಲುತ್ತೆ, ಒಳಗಿನ ಸೋರಿಕೆ ನಿಲ್ಲಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಮಲ್ಟಿಮೀಟರ್ ಹಿಡಿಯಿರಿ: ತುಂಬಿದ್ದರೆ ಸುಮಾರು 12.6 ವೋಲ್ಟ್, 12.4ಕ್ಕಿಂತ ಇಳಿದರೆ ಚಾರ್ಜರ್ ಹಾಕಿ. ಐದು ನಿಮಿಷ ಇಂಜಿನ್ ಆನ್ ಮಾಡಿ ನಿಲ್ಲಿಸಿದರೆ ಸ್ಟಾರ್ಟರ್ ತಿಂದದ್ದೂ ವಾಪಸ್ ಬರೋದು ಅನುಮಾನ. ನೀವು ಊರಲ್ಲಿರುವಾಗ ಈ ಕೆಲಸಕ್ಕೆ ಹಾಸ್ಟೆಲ್‌ನಲ್ಲಿ ಉಳಿದ ಗೆಳೆಯನಿಗೆ ಕೀ ಕೊಟ್ಟು ಹೋಗಿ.