ಸಮಿತಿ ಕಟ್ಟುವುದನ್ನು ಕಲಿಸಿದ ದಿವಾನರು

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ ಒಬ್ಬ ಮಹನೀಯರ ಜೀವನ ಚರಿತ್ರೆ ಇರಲೇಬೇಕು ಅಂತ ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ಯಾರದ್ದು ಬರೆಯೋದು ಅಂತ ಮಾತು ಬಂದಾಗ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಗೆ ಎಲ್ಲರೂ ಒಪ್ಪಿದರು. ಅವರು ನಮ್ಮ ಸೀಮೆಯವರೇ. ಆದರೆ ಕನ್ನಂಬಾಡಿ ಕಟ್ಟೆಯ ಕಥೆಯನ್ನು ಶಾಲೆಗೆ ಹೋಗುವ ಮಗುವೂ ಹೇಳುತ್ತೆ. ಅದನ್ನೇ ಮತ್ತೆ ಬರೆದು ಸದಸ್ಯ ಬಾಂಧವರ ವೇಳೆ ತೆಗೆದುಕೊಳ್ಳುವುದು ಬೇಡ ಅನ್ನಿಸಿತು. ಅವರು ಕಟ್ಟಿದ ಇನ್ನೊಂದು ವಸ್ತು ಇದೆ. ಅದು ಕಲ್ಲು ಗಾರೆಯದಲ್ಲ. ಅದು ಸಮಿತಿ. ಜಿಲ್ಲೆಗೊಂದು, ತಾಲ್ಲೂಕಿಗೊಂದು, ಊರಿಗೊಂದು ಸಮಿತಿ ಮಾಡಿ ಜನರನ್ನು ಕೂರಿಸಿ ಕೆಲಸ ಮಾಡಿಸುವುದನ್ನು ಈ ನಾಡಿಗೆ ರೂಢಿ ಮಾಡಿಸಿದವರು ಅವರು. ನಮ್ಮ ಡೈರಿಯ ಆಡಳಿತ ಮಂಡಳಿಯೂ ಒಂದು ಸಮಿತಿಯೇ ಆದ್ದರಿಂದ ಈ ಕಡೆಯಿಂದ ಅವರ ಬದುಕನ್ನು ನೋಡೋಣ ಅಂತ ಹೊರಟಿದ್ದೇವೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ, ನಂದಿಬೆಟ್ಟದ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ. ಸೆಪ್ಟೆಂಬರ್ 15 ಅವರ ಜನ್ಮದಿನ. ಅದನ್ನೇ ದೇಶವೆಲ್ಲ ಎಂಜಿನಿಯರುಗಳ ದಿನ ಅಂತ ಆಚರಿಸುತ್ತದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮಗ ಇನ್ನೂ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಮೊದಲ ಪಾಠ, ಆಮೇಲೆ ಬೆಂಗಳೂರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿಕೊಟ್ಟು ತಮ್ಮ ಖರ್ಚು ನೋಡಿಕೊಂಡರು. ಬಿ.ಎ. ಆದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋಗಿ ಎಂಜಿನಿಯರಿಂಗ್ ಮುಗಿಸಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಅಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದರು. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಕಟ್ಟೆಗೆ, ನೀರು ಏರಿದರೆ ತಾನೇ ತೆರೆದುಕೊಳ್ಳುವ ಬಾಗಿಲುಗಳನ್ನು ಕೂರಿಸಿದರು. ಸರದಿ ಪ್ರಕಾರ ಕಾಲುವೆ ನೀರು ಹಂಚುವ ಬ್ಲಾಕ್ ಪದ್ಧತಿ ತಂದರು. ನೀರು ಹಂಚುವ ಕೆಲಸ ಎಂಥದ್ದು ಅಂತ ರೈತರಾದ ನಮಗೆ ಹೇಳಬೇಕಾಗಿಲ್ಲ. ಮೇಲಿನ ಹೊಲದವನಿಗೆ ಸಾಕಾಗೋದಿಲ್ಲ, ಕೆಳಗಿನ ಹೊಲದವನಿಗೆ ಸಿಗೋದಿಲ್ಲ. ಅಲ್ಲಿ ಕಟ್ಟೆಗಿಂತ ಕಟ್ಟಳೆ ಮುಖ್ಯ. ಯಾರಿಗೆ ಎಷ್ಟು, ಯಾವ ದಿನ, ಲೆಕ್ಕ ಇಡೋರು ಯಾರು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ಸಮಿತಿ ಕಟ್ಟುವ ವಿದ್ಯೆ ಅವರಿಗೆ ಕಾಲುವೆ ಏರಿಯ ಮೇಲೇ ಬಂದಿರಬೇಕು ಅಂತ ನಮ್ಮ ಊಹೆ.

1908ರಲ್ಲಿ ಆ ಕೆಲಸ ಬಿಟ್ಟರು. ಅದೇ ವರ್ಷ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತಿದ್ದರು. ನಿಜಾಮರ ಸರ್ಕಾರ ಇವರನ್ನು ಕರೆಸಿ ಪ್ರವಾಹ ತಡೆಯುವ ಯೋಜನೆ ಬರೆಸಿತು. 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರು 1912ರ ನವೆಂಬರಿನಲ್ಲಿ ಅವರನ್ನು ದಿವಾನರನ್ನಾಗಿ ಮಾಡಿದರು.

ಆಗ ನಮ್ಮ ಕಡೆ ಊರಾಡಳಿತ ಹೇಗಿತ್ತು ಅನ್ನುವುದನ್ನು ಸ್ವಲ್ಪ ತಿಳಿಯಬೇಕು. ಬೆಂಗಳೂರಿನಲ್ಲಿ ಮುನಿಸಿಪಲ್ ಮಂಡಳಿ ಶುರುವಾದದ್ದು 1862ರಲ್ಲಿ. 1850ರ ಪಟ್ಟಣ ಸುಧಾರಣೆ ಕಾಯಿದೆ ಪ್ರಕಾರ ಪೇಟೆಯ ಒಂಬತ್ತು ಜನ ಪ್ರಮುಖರನ್ನು ಸೇರಿಸಿ ಮಂಡಳಿ ಮಾಡಿದರು. ದಂಡಿಗೆ ಬೇರೆ ಮಂಡಳಿ. ಜನ ಓಟು ಹಾಕಿ ಆರಿಸಿದ್ದಲ್ಲ, ಸರ್ಕಾರ ಹೆಸರು ಗುರುತಿಸಿ ಕೂರಿಸಿದ್ದು. ಹಳ್ಳಿಗಳಿಗೆ 1902ರ ಲೋಕಲ್ ಬೋರ್ಡುಗಳ ಕಾನೂನು ಬಂತು. ಅದರ ಪ್ರಕಾರ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಕೆಳಗೆ ಗ್ರಾಮಗಳ ಒಕ್ಕೂಟದ ಪಂಚಾಯ್ತಿ. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಆದರೆ ಬೋರ್ಡಿನಲ್ಲಿ ಅಧಿಕಾರಿಗಳದ್ದೇ ಕೈ ಮೇಲು. ಊರಿನವರು ಹೋಗಿ ಕೂತು, ತಲೆ ಆಡಿಸಿ, ರುಜು ಹಾಕಿ ಬರೋದು.

ವಿಶ್ವೇಶ್ವರಯ್ಯನವರು ದಿವಾನರಾಗುವುದಕ್ಕೆ ಮೊದಲೇ, 1911ರ ಜೂನಿನಲ್ಲಿ, ಮೈಸೂರು ಆರ್ಥಿಕ ಸಮ್ಮೇಳನ ಅನ್ನುವುದನ್ನು ಮಹಾರಾಜರು ಆರಂಭಿಸಿದ್ದರು. ಅದರ ಹಿಂದಿನ ಶಕ್ತಿ ಇವರೇ. ಅದು ಒಂದು ದಿನ ಭಾಷಣ ಮಾಡಿ ಹಾರ ಹಾಕಿಸಿಕೊಂಡು ಮುಗಿಸುವ ಸಮ್ಮೇಳನ ಆಗಿರಲಿಲ್ಲ. ಅದರಡಿ ಮೂರು ಸಮಿತಿಗಳಿದ್ದವು: ವ್ಯವಸಾಯಕ್ಕೆ ಒಂದು, ವಿದ್ಯಾಭ್ಯಾಸಕ್ಕೆ ಒಂದು, ಕೈಗಾರಿಕೆ ಮತ್ತು ವ್ಯಾಪಾರಕ್ಕೆ ಒಂದು. ಅವುಗಳ ಕೆಳಗೆ ಜಿಲ್ಲೆ, ತಾಲ್ಲೂಕು ಮಟ್ಟದ ಪ್ರಗತಿ ಸಮಿತಿಗಳು. ಅಧಿಕಾರಿಗಳ ಪಕ್ಕದಲ್ಲಿ ವರ್ತಕರು, ಜಮೀನುದಾರರು, ವಕೀಲರು ಕೂತರು. ಈ ವರ್ಷ ಇಂಥದ್ದು ಮಾಡುತ್ತೇವೆ ಅಂತ ಬರೆದು ಕೊಡಬೇಕು, ಮುಂದಿನ ಸಭೆಯಲ್ಲಿ ಏನಾಯಿತು ಅಂತ ವರದಿ ಒಪ್ಪಿಸಬೇಕು.

ಫಲ ಏನು ಅಂತ ಕೇಳಬಹುದು. 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು; ಅದರ ಬೀಜವೂ ಈ ಸಮ್ಮೇಳನದ ಚರ್ಚೆಯಲ್ಲೇ ಇತ್ತು. 1916ರಲ್ಲಿ ವಾಣಿಜ್ಯ ಮಂಡಳಿ, ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ. ಸಭೆ ಮಾಡೋದು ಕಾಲಹರಣ ಅನ್ನುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ಹಳ್ಳಿಗಳಿಗಾಗಿ 1914ರ ಸುಮಾರಿಗೆ ಗ್ರಾಮ ಸುಧಾರಣೆ ಯೋಜನೆ ತಂದರು. ಊರಿಗೊಂದು ಸಮಿತಿ. ಬಾವಿ, ರಸ್ತೆ, ಶಾಲೆ, ನೈರ್ಮಲ್ಯ ಅದರ ಕೆಲಸ. ವಾರಕ್ಕೆ ಅರ್ಧ ದಿನ ಊರಿನವರು ಶ್ರಮದಾನ ಮಾಡಬೇಕು, ಊರಿನವರು ಸ್ವಲ್ಪ ಹಣ ಕೂಡಿಸಬೇಕು, ಸರ್ಕಾರ ಮೇಲಿಂದ ಸಹಾಯ ಸೇರಿಸುತ್ತೆ. ತಮ್ಮ ಕಾಸು ಹಾಕಿದವನು ಲೆಕ್ಕ ಕೇಳ್ತಾನೆ, ಪುಕ್ಕಟೆ ಬಂದದ್ದಕ್ಕೆ ಯಾರೂ ಕೇಳೋದಿಲ್ಲ. ನಮ್ಮ ಸಂಘದಲ್ಲಿ ಷೇರು ಹಣ ಕಟ್ಟದೆ ಸದಸ್ಯತ್ವ ಇಲ್ಲ ಅನ್ನುವುದರ ಹಿಂದಿರುವುದೂ ಇದೇ ಮಾತು.

ಅದೇ 1914ರಲ್ಲಿ ಲೋಕಲ್ ಬೋರ್ಡುಗಳನ್ನು ಸರಿಪಡಿಸುವ ದಾರಿ ಹುಡುಕಲು ಎಂ. ಕಾಂತರಾಜ ಅರಸು ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. 1918ರಲ್ಲಿ ಲೋಕಲ್ ಬೋರ್ಡು ಮತ್ತು ಗ್ರಾಮ ಪಂಚಾಯ್ತಿಗಳ ಹೊಸ ಕಾನೂನು ಬಂತು. ಚುನಾಯಿತ ಸದಸ್ಯರಿಗೆ ಮೊದಲಿಗಿಂತ ಹೆಚ್ಚು ಜಾಗ ಸಿಕ್ಕಿತು. ಬೆಂಗಳೂರು ಪುರಸಭೆಗೆ 1913ರಲ್ಲಿ ಗೌರವ ಅಧ್ಯಕ್ಷರ ಸ್ಥಾನ ಬಂದಿತ್ತು. ಏಳು ವರ್ಷದ ಮೇಲೆ ಅದು ಚುನಾವಣೆಯ ಸ್ಥಾನವಾಯಿತು. ಪ್ರಜಾಪ್ರತಿನಿಧಿ ಸಭೆ ವರ್ಷಕ್ಕೊಮ್ಮೆ ದಸರೆಯಲ್ಲಿ ಸೇರುತ್ತಿತ್ತು. 1917ರಿಂದ ಮಹಾರಾಜರ ವರ್ಧಂತಿಯ ಕಾಲಕ್ಕೂ ಸೇರುವಂತಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಬರೀ ಹೊಗಳಿಕೆ ಆದೀತು. ಸದಸ್ಯರಿಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು.

ಸಮಿತಿ ಏನೋ ಆಯಿತು, ಅದರಲ್ಲಿ ಕೂರುವವರು ಯಾರು? ಓದಿದವರು, ಆಸ್ತಿ ಇದ್ದವರು, ಪಟ್ಟಣದವರು. ಆ ಕಾಲದ ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ಬಹುಪಾಲು ಇದ್ದರು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಮತ್ತು ಇತರ ಸಮುದಾಯದ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು ನಮಗೂ ಪಾಲು ಬೇಕು ಅಂತ ಮಹಾರಾಜರಲ್ಲಿ ಅಹವಾಲು ಇಟ್ಟರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ವಿದ್ಯೆ ಕೊಟ್ಟು ಎಲ್ಲರನ್ನೂ ಮೇಲೆ ತರೋಣ, ಆದರೆ ಕೆಲಸಕ್ಕೆ ಯೋಗ್ಯತೆಯೇ ಅಳತೆಗೋಲಾಗಿರಲಿ ಅನ್ನುವುದು ಅವರ ನಿಲುವು. ಮಹಾರಾಜರು ತಮ್ಮ ನಿಲುವು ಬಿಡಲಿಲ್ಲ. ಆ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಹೋಗುವುದಕ್ಕೆ ಈ ಭಿನ್ನಾಭಿಪ್ರಾಯವೇ ದೊಡ್ಡ ಕಾರಣ. ನಾಡಿಗೆಲ್ಲ ಸಮಿತಿ ಕಟ್ಟುವುದನ್ನು ಕಲಿಸಿದವರು ಒಂದು ಸಮಿತಿಯ ವಿಚಾರದಲ್ಲೇ ಕುರ್ಚಿ ಬಿಟ್ಟು ಹೋದರು.

ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟಾದರೂ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಅಂತ ಶಿಫಾರಸು ಮಾಡಿತು. ನೂರು ವರ್ಷದ ಮೇಲೆ ನಿಂತು ನೋಡಿದರೆ ಈ ವಿಷಯದಲ್ಲಿ ಮಹಾರಾಜರ ನೋಟವೇ ದೂರದ್ದು ಅಂತ ನಮಗೆ ತೋರುತ್ತದೆ. ನಮ್ಮ ಸಂಘದ ಮಂಡಳಿಯಲ್ಲಿ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಹಿಂದುಳಿದ ವರ್ಗದವರಿಗೆ ಕಾನೂನಿನಲ್ಲೇ ಸ್ಥಾನ ಇದೆ. ಕೊಟ್ಟಿಗೆಯಲ್ಲಿ ಹಸು ನೋಡಿಕೊಳ್ಳುವವರು ಹೆಂಗಸರು, ಮಂಡಳಿಯಲ್ಲಿ ಕೂರುವವರು ಗಂಡಸರು ಅಂದರೆ ಅದು ಯಾವ ನ್ಯಾಯ? ಈಚೆಗೆ ನಮ್ಮ ಸಭೆಯಲ್ಲಿ ಹಾಲಿನ ಅಳತೆ ಬಗ್ಗೆ, ಪಶು ಆಹಾರದ ಬೆಲೆ ಬಗ್ಗೆ ಗಟ್ಟಿಯಾಗಿ ಕೇಳುವವರು ನಿರ್ದೇಶಕಿಯರೇ. ವಿಶ್ವೇಶ್ವರಯ್ಯನವರ ಮೇಲೆ ನಮಗಿರುವ ಗೌರವ ಇದನ್ನು ಹೇಳುವುದರಿಂದ ಕಡಿಮೆಯಾಗುವುದಿಲ್ಲ. ದೊಡ್ಡವರಿಂದ ಕೆಲಸದ ರೀತಿ ಕಲಿಯಬೇಕು, ಅವರು ಬಿಟ್ಟದ್ದನ್ನು ನಾವು ತುಂಬಿಕೊಳ್ಳಬೇಕು.

ಇನ್ನೊಂದು ಕೊರತೆಯೂ ಇತ್ತು. ಆ ಸಮಿತಿಗಳೆಲ್ಲ ಮೇಲಿಂದ ಕೆಳಗೆ ಇಳಿದು ಬಂದವು. ದಿವಾನರು ಗಡಿಯಾರ ನೋಡಿಕೊಂಡು ವರದಿ ಕೇಳುತ್ತಿದ್ದಷ್ಟು ದಿನ ಬಿರುಸಾಗಿ ನಡೆದವು. ಅವರು ಹೋದ ಮೇಲೆ ಅನೇಕ ಕಡೆ ಆ ಬಿರುಸು ಇಳಿಯಿತು. ಕೇಳುವವರು ಮೇಲೆ ಮಾತ್ರ ಇದ್ದು ಊರಿನಲ್ಲಿ ಕೇಳುವವರು ಇಲ್ಲದಿದ್ದರೆ ಹಾಗೇ ಆಗೋದು.

ದಿವಾನಗಿರಿ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1923ರಿಂದ 1929ರವರೆಗೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಳಿ ಅಧ್ಯಕ್ಷರಾಗಿದ್ದರು. 1925ರಲ್ಲಿ ಅಖಿಲ ಭಾರತ ಆರ್ಥಿಕ ವಿಚಾರಣಾ ಸಮಿತಿಗೆ ಅಧ್ಯಕ್ಷರಾದರು. ಹೆಸರಘಟ್ಟದ ನೀರು ಬೆಂಗಳೂರಿಗೆ ಸಾಲದೆ ಬಂದಾಗ ಅದಕ್ಕಾಗಿ ಕೂತ ಸಮಿತಿಗೂ ಇವರೇ ಮುಖ್ಯಸ್ಥರು. ಅದರ ಫಲವಾಗಿ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಆಯಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ, ಹಳ್ಳಿಗಳ ಕೈಗಾರಿಕೀಕರಣ ಅನ್ನುವ ಯೋಜನೆ ಬರೆದರು. ಅದನ್ನು ಮೊದಲು ಪ್ರಯೋಗ ಮಾಡಿದ್ದು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ, ಅಂದರೆ ನಮ್ಮ ಸುತ್ತಲಲ್ಲೇ. ಕೆಲವು ಹಳ್ಳಿ ಸೇರಿಸಿ ಒಂದು ಗುಂಪು, ಗುಂಪಿಗೆ ಊರಿನವರದ್ದೇ ಸಮಿತಿ, ಆ ಸಮಿತಿಯೇ ಯಾವ ಕೈಗಾರಿಕೆ ಬೇಕು ಅಂತ ಆರಿಸಬೇಕು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲಿನಲ್ಲಿ, ನೂರು ವರ್ಷ ತುಂಬಿದ ಮೇಲೆ, ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ.

ಕೈಗಾರಿಕೆ ನಮ್ಮ ಸೀಮೆಗೆ ಬಂತು. ಪೀಣ್ಯ ಆಯಿತು, ಎಲೆಕ್ಟ್ರಾನಿಕ್ ಸಿಟಿ ಆಯಿತು, ವೈಟ್‌ಫೀಲ್ಡ್ ಕಡೆ ಗಾಜಿನ ಕಟ್ಟಡಗಳು ಎದ್ದವು. ಆದರೆ ಯಾವುದು ಎಲ್ಲಿ ಬರಬೇಕು ಅಂತ ಊರಿನ ಸಮಿತಿ ಆರಿಸಲಿಲ್ಲ. ನೋಟೀಸು ಬಂದ ಮೇಲೆ ನಮಗೆ ಗೊತ್ತಾಯಿತು. 1987ರಲ್ಲಿ ಮಂಡಲ ಪಂಚಾಯ್ತಿ, 1993ರ ಕಾನೂನಿನಿಂದ ಗ್ರಾಮ ಪಂಚಾಯ್ತಿ ಬಂದು ಊರಿಗೆ ಒಂದು ಬಾಯಿ ಬಂದಿತ್ತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಬೃಹತ್ ಬೆಂಗಳೂರಿಗೆ ಸೇರಿಸಿದರು. ನಮ್ಮ ಊರೂ ಸೇರಿತು, ಪಂಚಾಯ್ತಿ ಕಟ್ಟೆ ಖಾಲಿಯಾಯಿತು. 2013ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬೇರೆಯೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಬಂತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಅದು ಇದ್ದಷ್ಟು ದಿನವೂ ಚುನಾವಣೆ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲೇ ನಡೆಯಿತು. 2025ರಲ್ಲಿ ಅದನ್ನು ಒಡೆದು ಐದು ಪಾಲಿಕೆ ಮಾಡಿದರು, ಮೇಲೆ ಒಂದು ಪ್ರಾಧಿಕಾರ ಬಂತು. ಬೋರ್ಡುಗಳು ಬದಲಾದವು. ಚರಂಡಿ ಕಟ್ಟಿಕೊಂಡರೆ ಯಾರ ಹತ್ತಿರ ಹೋಗಬೇಕು ಅನ್ನುವುದು ನಮ್ಮ ಹಿರಿಯರಿಗೆ ಇಂದಿಗೂ ಪೂರ್ತಿ ಗೊತ್ತಾಗಿಲ್ಲ.

ಇಷ್ಟೆಲ್ಲ ಆಗುವಾಗ ಊರಿನವರು ತಾವೇ ಆರಿಸಿ, ತಾವೇ ಲೆಕ್ಕ ಕೇಳುವ ಜಾಗವಾಗಿ ಉಳಿದದ್ದು ನಮ್ಮ ಸಂಘ. ಹೊಲಗಳು ಲೇಔಟಾಗಿ ಹಸುಗಳು ಕಮ್ಮಿಯಾಗಿವೆ. ಬೆಳಗಿನ ಜಾವ ಕ್ಯಾನು ಹಿಡಿದು ನಿಲ್ಲುವವರ ಸಾಲೂ ಚಿಕ್ಕದಾಗಿದೆ. ಆದರೂ ವಾರ್ಷಿಕ ಮಹಾಸಭೆಗೆ ಕೋರಂ ತುಂಬುತ್ತೆ, ನಡಾವಳಿ ಪುಸ್ತಕ ಬರೆಯುತ್ತಾರೆ, ಆಡಿಟ್ ವರದಿ ಓದುತ್ತಾರೆ, ಐದು ವರ್ಷಕ್ಕೊಮ್ಮೆ ಚುನಾವಣೆ ಆಗುತ್ತೆ.

ಸದಸ್ಯ ಬಾಂಧವರಲ್ಲಿ ನಮ್ಮ ಕೋರಿಕೆ ಇಷ್ಟೆ. ಮಹಾಸಭೆಗೆ ಸ್ವೀಟು ಬಾಕ್ಸಿಗೋಸ್ಕರ ಮಾತ್ರ ಬರಬೇಡಿ. ಜಮಾ ಖರ್ಚು ಓದುವಾಗ ಎದ್ದು ಹೋಗಬೇಡಿ. ಅರ್ಥ ಆಗದಿದ್ದರೆ ಕೇಳಿ. ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ. ದಿವಾನರು ವರದಿ ಕೇಳುತ್ತಿದ್ದ ಕಾಲ ಹೋಯಿತು. ಈಗ ವರದಿ ಕೇಳಬೇಕಾದ ದಿವಾನರು ನೀವೇ.